ಸೈಟಿನ ಲೆಕ್ಕಕ್ಕೆ ಯಾವ ಕ್ಯಾಲ್ಕ್ಯುಲೇಟರ್: ನನ್ನ ಅನುಭವ

ತುಮಕೂರಿನ ಸುತ್ತಮುತ್ತ ಮನೆ ಕಟ್ಟಿಕೊಡುವ ಸಣ್ಣ ಗುತ್ತಿಗೆದಾರ ನಾನು. ಬೆಳಗಾದರೆ ಲೆಕ್ಕ: ಅಡಿ, ಇಂಚು, ಚದರ, ಘನ ಅಡಿ, ಕೆಜಿ, ಚೀಲ, ಕೊನೆಗೆ ರೂಪಾಯಿ. ಫೋನಿನ ಜೊತೆಗೇ ಬರುವ ಕ್ಯಾಲ್ಕ್ಯುಲೇಟರ್ ಸಾಕಾ, ಬೇರೆ ಆಪ್ ಹಾಕಿಕೊಳ್ಳಬೇಕಾ ಅಂತ ಹೊಸದಾಗಿ ಸೈಟಿಗೆ ಬರುವ ಹುಡುಗರು ಕೇಳುತ್ತಿರುತ್ತಾರೆ. ನಾನು ಬಳಸಿ ಉಳಿಸಿಕೊಂಡದ್ದು ಯಾವುದು, ತೆಗೆದುಹಾಕಿದ್ದು ಯಾವುದು, ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿದುಕೊಳ್ಳಬೇಕಾದದ್ದು, ಎಲ್ಲ ಕ್ಯಾಲ್ಕ್ಯುಲೇಟರೂ ಒಂದೇ ರೀತಿ ಲೆಕ್ಕ ಮಾಡುವುದಿಲ್ಲ. ಎರಡು ಕೋಣೆಗೆ ಟೈಲ್ಸ್ ಹಾಕಬೇಕು ಅಂದುಕೊಳ್ಳಿ, ಒಂದು 12×10, ಇನ್ನೊಂದು 14×11. ಫೋನಿನಲ್ಲಿ 12×10+14×11 ಅಂತ ಒತ್ತಿದರೆ 274 ಬರುತ್ತದೆ. ನಮ್ಮ ಮೇಸ್ತ್ರಿಯ ಚೀಲದಲ್ಲಿರುವ ಅಂಗಡಿ ಕ್ಯಾಲ್ಕ್ಯುಲೇಟರಿನಲ್ಲಿ ಅದೇ ಗುಂಡಿಗಳನ್ನು ಅದೇ ಸಾಲಿನಲ್ಲಿ ಒತ್ತಿದರೆ 1474. ಅದೇನೂ ಕೆಟ್ಟಿಲ್ಲ. ಫೋನು ಗುಣಾಕಾರವನ್ನು ಮೊದಲು ಮುಗಿಸಿ ಆಮೇಲೆ ಕೂಡುತ್ತದೆ. ಅಂಗಡಿಯದು ಒತ್ತಿದ ಹಾಗೆ ಒಂದೊಂದೇ ಮುಗಿಸುತ್ತಾ ಹೋಗುತ್ತದೆ: 120, ಅದಕ್ಕೆ 14 ಕೂಡಿದರೆ 134, ಅದನ್ನು 11ರಿಂದ ಗುಣಿಸಿದರೆ 1474. ಮೇಸ್ತ್ರಿಗೆ ಇದು ಗೊತ್ತು. ಅವರು 12×10 ಒತ್ತಿ ಎಂ ಪ್ಲಸ್ (ಉತ್ತರವನ್ನು ಮೆಮೊರಿಗೆ ಕೂಡಿಸಿಡುವ ಗುಂಡಿ), 14×11 ಒತ್ತಿ ಎಂ ಪ್ಲಸ್, ಕೊನೆಗೆ ಮೆಮೊರಿಯ ಮೊತ್ತ ತೋರಿಸುವ ಎಂಆರ್‌ಸಿ ಒತ್ತಿ 274 ತೆಗೆಯುತ್ತಾರೆ. ಆ ಕೈರೂಢಿ ಇರುವವರಿಗೆ ಫೋನು ಕೊಟ್ಟರೆ ಎಂ ಪ್ಲಸ್ ಹುಡುಕುತ್ತಾ ನಿಲ್ಲುತ್ತಾರೆ. ಅಂಥವರಿಗೆ ಅಂಗಡಿ ಕ್ಯಾಲ್ಕ್ಯುಲೇಟರಿನ ಹಾಗೇ ನಡೆಯುವ ಆಪ್‌ಗಳು ಪ್ಲೇ ಸ್ಟೋರಿನಲ್ಲಿ ಬೇಕಾದಷ್ಟಿವೆ, ಹಾಕಿಕೊಡಿ. ಆದರೆ ಒಂದೇ ಸೈಟಿನಲ್ಲಿ ಇಬ್ಬರು ಎರಡು ರೀತಿಯದನ್ನು ಬಳಸುತ್ತಿದ್ದರೆ ಇಬ್ಬರಿಗೂ ವ್ಯತ್ಯಾಸ ಗೊತ್ತಿರಬೇಕು.

ನಮ್ಮ ಕಸುಬಿನ ದೊಡ್ಡ ತಲೆನೋವು ಇಂಚು. ಅಡಿಗೆ ಹನ್ನೆರಡು ಇಂಚು, ಕ್ಯಾಲ್ಕ್ಯುಲೇಟರಿಗೆ ಗೊತ್ತಿರುವುದು ದಶಮಾಂಶ. ಒಮ್ಮೆ ಪೇಂಟರ್ ಒಬ್ಬ ಸೀಲಿಂಗಿನ ಅಳತೆ ಬರೆದು ತಂದಿದ್ದ. 10 ಅಡಿ 10 ಇಂಚು, 10 ಅಡಿ 11 ಇಂಚು. ಫೋನಿನಲ್ಲಿ 10.10×10.11 ಒತ್ತಿ 102 ಚದರಡಿ ಅಂತ ಬಿಲ್ ಹಾಕಿದ್ದ.

"ಏನಪ್ಪಾ, ನಿನ್ನ ದುಡ್ಡು ನೀನೇ ಬಿಡ್ತಾ ಇದ್ದೀಯಲ್ಲ?" ಅಂದೆ.

"ಇಲ್ಲ ಸಾರ್, ಮೊಬೈಲೇ ಕೊಟ್ಟ ಲೆಕ್ಕ" ಅಂದ.

ಅವನ ಎದುರಿಗೇ 130×131÷144 ಒತ್ತಿ ತೋರಿಸಿದೆ. 118.26. ಹದಿನಾರು ಚದರಡಿ ಅವನ ಕೈಬಿಟ್ಟು ಹೋಗುತ್ತಿತ್ತು. ಎರಡೂ ಅಳತೆಯನ್ನು ಇಂಚಿಗೆ ತಂದು ಗುಣಿಸಿ 144ರಿಂದ ಭಾಗಿಸುವುದು ನನ್ನ ರೂಢಿ. ಆವರಣ ಚಿಹ್ನೆ ಬೇಡ, ವಿಶೇಷ ಆಪ್ ಬೇಡ, ಅಂಗಡಿ ಕ್ಯಾಲ್ಕ್ಯುಲೇಟರಿನಲ್ಲೂ ತಪ್ಪದೆ ಬರುತ್ತದೆ. ಘನ ಅಡಿಗಾದರೆ ಮೂರನ್ನೂ ಇಂಚಿಗೆ ತಂದು 1728ರಿಂದ ಭಾಗಿಸಬೇಕು. ಅಡಿ-ಇಂಚನ್ನು ನೇರವಾಗಿ ಒತ್ತುವ ಆಪ್‌ಗಳೂ ಇವೆ, ಚೆನ್ನಾಗಿಯೇ ಇವೆ. ಬಾಗಿಲು, ಕಿಟಕಿ, ವಾರ್ಡ್‌ರೋಬ್ ಮಾಡುವ ಬಡಗಿಗಳಿಗೆ, ಕಾಲಿಂಚು ಅರ್ಧ ಇಂಚು ಕೂಡಿ ಕಳೆಯುವವರಿಗೆ ಅವು ನಿಜಕ್ಕೂ ಬೇಕು. ನನಗೆ 144 ಸಾಕಾಯಿತು.

ಹಾಗಾದರೆ ಹೊರಗಿನ ಆಪ್ ನನಗೆ ಯಾಕೆ ಬೇಕಾಯಿತು? ಅಳತೆ ಪುಸ್ತಕಕ್ಕೆ. ಒಂದು ಮನೆಯ ಪ್ಲಾಸ್ಟರಿಂಗ್ ಅಳತೆ ಅಂದರೆ ಗೋಡೆಗೊಂದು ಸಾಲು, ಕಿಟಕಿ ಬಾಗಿಲು ಕಳೆದು. ಹಾಲಿನ ಪೂರ್ವದ ಗೋಡೆ 130×120÷144, ಅಂದರೆ 108.33, ಅದರಲ್ಲಿ ಕಿಟಕಿ 48×48÷144, ಅಂದರೆ 16 ಕಳೆ, ಉಳಿದದ್ದು 92.33. ಹೀಗೆ ಸಾಲು ಸಾಲಾಗಿ. ಫೋನಿನ ಕ್ಯಾಲ್ಕ್ಯುಲೇಟರಿನಲ್ಲಿ ಹಳೆಯ ಲೆಕ್ಕದ ಪಟ್ಟಿ ಇರುತ್ತದೆ ನಿಜ, ಆದರೆ ಯಾವ ಸಂಖ್ಯೆ ಯಾವ ಗೋಡೆಯದು ಅಂತ ಸಂಜೆ ಹೊತ್ತಿಗೆ ಯಾರಿಗೆ ನೆನಪಿರುತ್ತದೆ? ಲೆಕ್ಕವನ್ನೆಲ್ಲ ಬಿಲ್ಲಿನ ಕಾಗದದ ಸುರುಳಿಯ ಹಾಗೆ ಸಾಲಾಗಿ ಉಳಿಸಿಡುವ ಟೇಪ್ ಆಪ್‌ಗಳಲ್ಲಿ ಪ್ರತಿ ಸಾಲಿನ ಪಕ್ಕ "ಪೂರ್ವದ ಗೋಡೆ" ಅಂತ ಬರೆದಿಡಬಹುದು. ಆಮೇಲೆ ಕಿಟಕಿ ನಾಲ್ಕಡಿಯಲ್ಲ, ಐದಡಿ ಅಂತ ಗೊತ್ತಾದರೆ ಆ ಸಾಲು ಮಾತ್ರ ತಿದ್ದಿದರೆ ಕೆಳಗಿನ ಮೊತ್ತ ತಾನೇ ಬದಲಾಗುತ್ತದೆ. ಪೂರ್ತಿ ಟೇಪನ್ನು ಮನೆ ಮಾಲೀಕರಿಗೆ ವಾಟ್ಸಾಪ್ ಮಾಡುತ್ತೇನೆ. "ಈ ಮೊತ್ತ ಎಲ್ಲಿಂದ ಬಂತು ಸಾರ್?" ಅನ್ನುವ ಪ್ರಶ್ನೆ ಆಮೇಲೆ ಬರುವುದಿಲ್ಲ. ದುಡ್ಡು ಕೊಟ್ಟು ಕೊಂಡ ಆಪ್‌ಗಳಲ್ಲಿ ನನಗೆ ಅಸಲು ಹುಟ್ಟಿದ್ದು ಇದೊಂದೇ.

ಐಪ್ಯಾಡಿನ ಕಥೆ ಬೇರೆ. ಆರ್ಕಿಟೆಕ್ಟ್ ಕಳಿಸುವ ಡ್ರಾಯಿಂಗ್ ನೋಡುವುದಕ್ಕೆ ಅದನ್ನು ಇಟ್ಟುಕೊಂಡಿದ್ದೇನೆ. 2010ರಲ್ಲಿ ಬಂದ ಆ ಸಾಧನದಲ್ಲಿ 2024ರ ಸೆಪ್ಟೆಂಬರಿನ ಐಪ್ಯಾಡ್ ಓಎಸ್ 18ರವರೆಗೆ ಕ್ಯಾಲ್ಕ್ಯುಲೇಟರೇ ಇರಲಿಲ್ಲ ಅಂದರೆ ಜನ ನಗುತ್ತಾರೆ, ಆದರೆ ನಿಜ. ಅಲ್ಲಿಯವರೆಗೆ ಹೊರಗಿನ ಆಪೇ ಗತಿ. ಉಚಿತವಾದದ್ದೊಂದು ಹಾಕಿದ್ದೆ, ಕಂಬಿಯ ತೂಕ ಕೂಡುತ್ತಿರುವಾಗ ನಡುವೆ ಪರದೆ ತುಂಬ ವಿಡಿಯೋ ಜಾಹೀರಾತು ಬರುತ್ತಿತ್ತು. ತೆಗೆದು ಪಿಕ್ಯಾಲ್ಕ್ ಕೊಂಡೆ. ಜೇಮ್ಸ್ ಥಾಮ್ಸನ್ ಅನ್ನುವವರು 1992ರಲ್ಲಿ ಮ್ಯಾಕ್‌ಗಾಗಿ ಶುರುಮಾಡಿದ ಆಪ್ ಅದು, ಅದರಲ್ಲೂ ಟೇಪ್ ಇದೆ. ಈಗ ಐಪ್ಯಾಡಿನದೇ ಕ್ಯಾಲ್ಕ್ಯುಲೇಟರಿನಲ್ಲಿ ಆಪಲ್ ಪೆನ್ಸಿಲ್ ಹಿಡಿದು 12×12÷162= ಅಂತ ಗೀಚಿದರೆ ಉತ್ತರ ಪಕ್ಕದಲ್ಲೇ ಮೂಡುತ್ತದೆ. ಹೊಸ ಹುಡುಗರಿಗೆ: ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 12 ಎಂಎಂ ಕಂಬಿಗೆ 0.889, ಹನ್ನೆರಡು ಮೀಟರಿನ ಒಂದು ಕಂಬಿ ಹತ್ತಿರ ಹತ್ತಿರ 10.67 ಕೆಜಿ. ಈ ಗೀಚುವ ಸೌಲಭ್ಯ ಡ್ರಾಯಿಂಗ್ ಮುಂದಿಟ್ಟುಕೊಂಡು ಕೂತಾಗ ಚೆನ್ನ, ಬಿಸಿಲಲ್ಲಿ ನಿಂತಾಗ ಅಲ್ಲ.

ನಾನು ದೂರ ಇಡುವುದು "ಸಿವಿಲ್ ಕ್ಯಾಲ್ಕ್ಯುಲೇಟರ್" ಅನ್ನುವ ಜಾತಿಯ ಆಪ್‌ಗಳನ್ನು. ಸಾವಿರ ಚದರಡಿಯ ಐದಿಂಚು ದಪ್ಪದ ಮೋಲ್ಡಿಗೆ (ಕಾಂಕ್ರೀಟ್ ಚಾವಣಿಗೆ) ಸಿಮೆಂಟ್ ಎಷ್ಟು ಅಂತ ಕೇಳಿದರೆ ಒಂದು 95 ಚೀಲ ಅನ್ನುತ್ತದೆ, ಇನ್ನೊಂದು 102. ಎರಡೂ ಸುಳ್ಳಲ್ಲ. ಒಣ ಸಾಮಗ್ರಿಯ ಘನ ಅಳತೆ ತೆಗೆಯಲು ಒಂದು ಆಪ್ ಕಾಂಕ್ರೀಟಿನ ಘನ ಅಳತೆಯನ್ನು 1.54ರಿಂದ ಗುಣಿಸಿರುತ್ತದೆ, ಇನ್ನೊಂದು 1.57 ಹಿಡಿದು, ಮೇಲೆ ಶೇ 5 ವೇಸ್ಟೇಜ್ ಸೇರಿಸಿರುತ್ತದೆ. ಪರದೆಯ ಮೇಲೆ ಅದು ಕಾಣುವುದಿಲ್ಲ. ನಾನೇ ಮಾಡಿದರೆ 416.67 ಘನ ಅಡಿ, 35.315ರಿಂದ ಭಾಗಿಸಿದರೆ 11.8 ಘನ ಮೀಟರ್, ಎಂ20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ ಎಂಟು ಚೀಲದ ಲೆಕ್ಕದಲ್ಲಿ 95. ವೇಸ್ಟೇಜ್ ಎಷ್ಟು ಹಿಡಿಯಬೇಕು ಅನ್ನುವುದು ನನಗೆ, ನಮ್ಮ ಮೇಸ್ತ್ರಿಗೆ ಗೊತ್ತು. ಸೂತ್ರ ತೋರಿಸದ ಆಪ್‌ನ ಮಾತು ಕೇಳಿ ಸಿಮೆಂಟ್ ತರಿಸಬೇಡಿ.

ಜಿಎಸ್‌ಟಿ ಗುಂಡಿ ಇರುವ ಆಪ್‌ಗಳೂ ಅದೇ ಗುಂಪು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಗುಂಡಿಯಲ್ಲಿ ಹಳೆಯ ದರ ಅಚ್ಚಾಗಿದ್ದರೆ ಅಪ್‌ಡೇಟ್ ಬರುವವರೆಗೆ ಕಾಯಬೇಕು. ತೆರಿಗೆ ಸೇರಿದ 354 ರೂಪಾಯಿಯಿಂದ ಮೂಲ ಬೆಲೆ ತೆಗೆಯಲು 1.18ರಿಂದ ಭಾಗಿಸಿ, 300 ಬರುತ್ತದೆ. ಶೇ 18 ಕಳೆದರೆ 290.28 ಬಂದು ಬಿಲ್ ಕೆಡುತ್ತದೆ.

ಯಾವುದೇ ಕ್ಯಾಲ್ಕ್ಯುಲೇಟರ್ ಕೈಗೆ ಬಂದರೂ ನಾನು ಮೊದಲು ಒತ್ತುವುದು 2+3×4. 14 ಬಂದರೆ ಫೋನಿನ ಜಾತಿ, 20 ಬಂದರೆ ಅಂಗಡಿಯ ಜಾತಿ. ಆಮೇಲೆ 100+10%. ಕೆಲವು 110 ಕೊಡುತ್ತವೆ, ಕೆಲವು 100.1. ಇಳಿಜಾರು ಹೆಂಚಿನ ಮಾಡಿನ ಕೆಲಸ ಇದ್ದರೆ ಕಾಸ್ 30 ಕೂಡ ಒತ್ತುತ್ತೇನೆ. 0.866 ಬರಬೇಕು. 0.154 ಬಂದರೆ ಅದು ಡಿಗ್ರಿಯಲ್ಲಿಲ್ಲ, ರೇಡಿಯನ್ನಿನಲ್ಲಿದೆ ಅಂತ ಅರ್ಥ.

ಕಂಪನಿಯೇ ಕೊಟ್ಟದ್ದು ಅಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಲೂ ಆಗದು. 2017ರಲ್ಲಿ ಐಫೋನಿನ ಐಓಎಸ್ 11ರಲ್ಲಿ 1+2+3 ಅಂತ ಬೇಗಬೇಗ ಒತ್ತಿದರೆ ಎರಡನೆಯ ಕೂಡುವ ಗುರುತು ಹಾರಿಹೋಗಿ 24 ಬರುತ್ತಿತ್ತು, 11.2ರಲ್ಲಿ ಸರಿಮಾಡಿದರು. ಇನ್ನೊಂದು ಕಡೆ ಗೂಗಲ್‌ನ ಆಂಡ್ರಾಯ್ಡ್ ಕ್ಯಾಲ್ಕ್ಯುಲೇಟರಿನ ಹಿಂದೆ ಹಾನ್ಸ್ ಬೋಮ್ ಅನ್ನುವ ವಿಜ್ಞಾನಿಯ ಕೆಲಸ ಇದೆ. ಹತ್ತರ ನೂರನೇ ಘಾತಕ್ಕೆ ಒಂದು ಕೂಡಿ, ಮತ್ತೆ ಹತ್ತರ ನೂರನೇ ಘಾತವನ್ನೇ ಕಳೆದರೆ ಅದು ಸರಿಯಾಗಿ 1 ಕೊಡುತ್ತದೆ, ಎಷ್ಟೋ ಕ್ಯಾಲ್ಕ್ಯುಲೇಟರ್‌ಗಳು 0 ಅನ್ನುತ್ತವೆ. ಮನೆ ಕಟ್ಟುವವನಿಗೆ ಅಷ್ಟು ನಿಖರತೆ ಬೇಕಿಲ್ಲ, ಆದರೂ ಓದಿದಾಗ ಖುಷಿಯಾಯಿತು.

ಕ್ಯಾಲ್ಕ್ಯುಲೇಟರ್ ಆಪ್ ಕಾಂಟ್ಯಾಕ್ಟ್ಸ್, ಲೊಕೇಶನ್ ಕೇಳಿದರೆ ಆ ಕ್ಷಣವೇ ತೆಗೆಯಿರಿ, ಕೂಡಿ ಕಳೆಯುವುದಕ್ಕೆ ನಿಮ್ಮ ಊರು ಅದಕ್ಕೆ ಯಾಕೆ?

ಈಗ ನನ್ನ ಫೋನಿನಲ್ಲಿರುವುದು ಎರಡೇ. ದುಡ್ಡಿನ ಲೆಕ್ಕಕ್ಕೆ ಫೋನಿನದು, ಅಳತೆಗೆ ಟೇಪ್ ಆಪ್. ಮೋಲ್ಡ್ ಹಾಕುವ ದಿನ ಎರಡೂ ಕೆಲಸಕ್ಕೆ ಬರುವುದಿಲ್ಲ. ಸಿಮೆಂಟ್ ನೀರು ಮೆತ್ತಿದ ಬೆರಳನ್ನು ಟಚ್ ಸ್ಕ್ರೀನ್ ಗುರುತಿಸುವುದಿಲ್ಲ. ಆವತ್ತು ಫೋನನ್ನು ಕಾರಿನಲ್ಲಿಟ್ಟು ಮೇಸ್ತ್ರಿಯ ಸೋಲಾರ್ ಕ್ಯಾಲ್ಕ್ಯುಲೇಟರನ್ನೇ ಕೇಳಿ ಪಡೆಯುತ್ತೇನೆ.