ಶನಿವಾರದ ಹಾಸನ ಬಸ್ಸು: ನಾನು ಕುಡಿತ ಬಿಟ್ಟ ಬಗೆ

"ಹಾಸನಕ್ಕೆ ಹೋಗಿ ಕುರ್ಚಿ ಮೇಲೆ ಕೂತು ಬಂದರೆ ಎಣ್ಣೆ ಬಿಡುತ್ತಾ ಮಾರಾಯ?" ಅಂತ ನಕ್ಕವರು ಒಬ್ಬಿಬ್ಬರಲ್ಲ. ನನ್ನ ಭಾವ ಅಂತೂ ಒಂದು ನಾಟಿಕೋಳಿ ಬಾಜಿ ಕಟ್ಟಿದ್ದ. ಮೂರು ವರ್ಷ ದಾಟಿ ನಾಲ್ಕು ತಿಂಗಳಾಯಿತು. ಕೋಳಿ ಇನ್ನೂ ಬಂದಿಲ್ಲ.

ಮನೆ ಚಿಕ್ಕಮಗಳೂರು, ಕೆಲಸ ಆಲ್ದೂರು ಕಡೆಯ ಕಾಫಿ ತೋಟದಲ್ಲಿ ರೈಟರ್. ಶನಿವಾರ ಬಟವಾಡೆ. ಆಳುಗಳಿಗೆ ದುಡ್ಡು ಎಣಿಸಿ ಕೊಡುವಾಗಲೇ ನನ್ನ ಕೈ ನಡುಗುತ್ತಿತ್ತು. ದಿನಕ್ಕೊಂದು ಕ್ವಾರ್ಟರ್, ಶನಿವಾರ ಎರಡು. ನೆಂಚಿಕೊಳ್ಳೋದೂ ಸೇರಿ ತಿಂಗಳಿಗೆ ಏಳೆಂಟು ಸಾವಿರ ಇರಬೇಕು. ತೋಟದ ಲೆಕ್ಕ ಪೈಸೆ ಬಿಡದೆ ಬರೆಯುವವನು ಇದನ್ನು ಮಾತ್ರ ಬರೆದಿಡಲಿಲ್ಲ.

ಮಾಡದ ಪ್ರಯತ್ನ ಇಲ್ಲ. ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಮಾಲೆ ತೆಗೆದ ಸಂಜೆಯೇ ಬಾರು. ಆಮೇಲೆ ಯಾರದೋ ಮಾತು ಕೇಳಿ ಹೆಂಡತಿ ಎರಡೂವರೆ ಸಾವಿರ ಕೊಟ್ಟು ಒಂದು ಪುಡಿ ತಂದಳು, ಕಾಫಿಗೆ ಕಲಸಿ ಕೊಡೋದಂತೆ. ತೋಟದವನಿಗೆ ಕಾಫಿ ರುಚಿ ಕೆಟ್ಟದ್ದು ಗೊತ್ತಾಗಲ್ವಾ? ಒಂದು ಖಾಸಗಿ ಕೇಂದ್ರಕ್ಕೆ ಹೆಂಡತಿಯ ಸರ ಅಡ ಇಟ್ಟು ಸುಮಾರು 40 ಸಾವಿರ ಸುರಿದೆವು. ಹೊರಗೆ ಬಂದ ಹನ್ನೊಂದನೇ ದಿನಕ್ಕೆ ಮತ್ತೆ ಶುರು. ಧರ್ಮಸ್ಥಳದವರ ಎಂಟು ದಿನದ ಮದ್ಯವರ್ಜನ ಶಿಬಿರ ಚೆನ್ನಾಗಿತ್ತು. ಆಮೇಲೆ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಗೆ ಬರಬೇಕು ಅಂದಿದ್ದರು. ಬರುವವರೆಲ್ಲ ಗುರುತಿನವರು ಅಂತ ನಾನೇ ತಪ್ಪಿಸಿಕೊಂಡೆ.

ಒಮ್ಮೆ ಹಟ ಹಿಡಿದು ಏಕ್‌ದಂ ನಿಲ್ಲಿಸಿದ್ದೂ ಉಂಟು. ಎರಡನೇ ರಾತ್ರಿ ಫಿಟ್ಸ್ ಬಂತು. ದಿನಾ ಕುಡಿಯುವವರು ಡಾಕ್ಟರಿಗೆ ಹೇಳದೆ ಹಾಗೆ ಮಾಡಬೇಡಿ, ಜೀವಕ್ಕೇ ಬರುತ್ತದೆ. ಆಗ ನೋಡಿದ ಡಾಕ್ಟರೇ ಚೀಟಿಯ ಹಿಂದೆ ಎ.ಎ. ಮೀಟಿಂಗಿನ ನಂಬರ್ ಬರೆದುಕೊಟ್ಟರು. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ತಮ್ಮ ತಮ್ಮ ಕಥೆ ಹೇಳಿಕೊಳ್ಳುವ ಕೂಟ.

ಮೊದಲು ನಮ್ಮೂರಿನ ಮೀಟಿಂಗಿಗೇ ಹೋದೆ. ಬಾಗಿಲಲ್ಲಿ ಇಣುಕಿದರೆ ಪಕ್ಕದ ತೋಟದ ಜೀಪ್ ಡ್ರೈವರ್ ಕೂತಿದ್ದ. ಹಾಗೇ ವಾಪಸ್. ಅವನೂ ಅದೇ ಕಾಯಿಲೆಗೆ ಬಂದವನು ಅಂತ ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತು!

ಅದಕ್ಕೇ ಹಾಸನ ಹಿಡಿದೆ. ಅರವತ್ತು ಕಿಲೋಮೀಟರಿನ ಮೇಲೆ, ನನ್ನ ಮುಖ ಯಾರಿಗೂ ಗೊತ್ತಿಲ್ಲ. ಮೊದಲ ಶನಿವಾರ ಹೋದರೆ ಬೀಗ. ಆ ವಾರ ಜಾಗ ಬದಲಾಗಿತ್ತಂತೆ. ಬಸ್ ಚಾರ್ಜೂ ಹೋಯಿತು, ಆ ಸಿಟ್ಟಿಗೆ ಕುಡಿದದ್ದೂ ಆಯಿತು. ಅವತ್ತು ಕಲಿತದ್ದು ಇಷ್ಟು: ಹೋಗುವ ದಿನ ಬೆಳಗ್ಗೆಯೇ ಫೋನ್ ಮಾಡಬೇಕು. "ಮೀಟಿಂಗ್ ಇದೆಯಾ" ಅಂತ ಕೇಳಿದರೆ ಸಾಲದು, "ಬೀಗದ ಕೈ ಯಾರ ಹತ್ತಿರ" ಅಂತ ಕೇಳಬೇಕು.

ಎರಡನೇ ಸಲ ಬೇಲೂರಲ್ಲಿ ಬಸ್ ನಿಂತಾಗ ಇಳಿದು ಒಂದು ನೈಂಟಿ ಏರಿಸಿಯೇ ಹೋದೆ. ಓಡಿಸುತ್ತಾರೆ ಅಂದುಕೊಂಡಿದ್ದೆ. ಒಬ್ಬ ಹಿರಿಯರು ಟೀ ಕೊಟ್ಟು, "ಇವತ್ತು ಮಾತಾಡಬೇಡಪ್ಪ, ಸುಮ್ನೆ ಕೇಳು" ಅಂದರು. ಕೇಳಿದೆ. ಬೀರುವಿನಲ್ಲಿ ಬಟ್ಟೆ ಮಧ್ಯೆ ಬಾಟಲಿ ಮುಚ್ಚಿಡೋದು ನನ್ನ ಸ್ವಂತ ಐಡಿಯಾ ಅಂದುಕೊಂಡಿದ್ದೆ. ಆ ಕೋಣೆಯಲ್ಲಿ ನಾಲ್ಕು ಜನ ಅದನ್ನೇ ಮಾಡಿದ್ದರು.

ಆಮೇಲೆ ನನ್ನ ಪದ್ಧತಿ ಕಟ್ಟಿದೆ. ಬಟವಾಡೆ ಬೆಳಗ್ಗೆಯೇ ಮುಗಿಸೋದು. ಜೇಬಿನಲ್ಲಿ ಬಸ್ ಚಾರ್ಜು ಮತ್ತು ಐವತ್ತು ರೂಪಾಯಿ, ಉಳಿದದ್ದು ಹೆಂಡತಿ ಕೈಗೆ. ಬೇಲೂರಲ್ಲಿ ಸೀಟಿನಿಂದ ಏಳದಂತೆ ಕಿಟಕಿ ಪಕ್ಕವೇ ಹಿಡಿಯೋದು, ಜನ ತುಂಬಿದರೆ ಹೊರಗೆ ಬರೋದೇ ಕಷ್ಟ. ಹೋಗಿಬರಲು ಇನ್ನೂರರ ಆಸುಪಾಸು. ಮೀಟಿಂಗಿಗೆ ಫೀಸಿಲ್ಲ, ಕೊನೆಗೆ ಸುತ್ತುವ ಡಬ್ಬಿಗೆ ಹತ್ತಿಪ್ಪತ್ತು ಹಾಕಿದರೆ ಆಯಿತು. ಮದುವೆ ಮನೆಯಲ್ಲಿ ಗ್ಲಾಸ್ ಹಿಡಿದು ಬರುವವರಿಗೆ ಹೇಳುವ ಒಂದು ಮಾತೂ ಇದೆ. ಅದು ಇಲ್ಲಿ ಬೇಡ, ಆ ಗೆಳೆಯರೂ ಇದನ್ನು ಓದುತ್ತಾರೆ.

ನಡುವೆ ಫೋನಿನಲ್ಲಿ ಆನ್‌ಲೈನ್ ಮೀಟಿಂಗ್ ನೋಡಿದೆ. ತೋಟದಲ್ಲಿ ಸಿಗ್ನಲ್ ಸಿಗೋದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಕೊಡೆ ಹಿಡಿದು "ನಾನೊಬ್ಬ ಕುಡುಕ" ಅಂತ ಹೇಳಿಕೊಂಡದ್ದನ್ನು ಮೇಸ್ತ್ರಿ ಕೇಳಿಸಿಕೊಂಡ. ಅಲ್ಲಿಗೆ ಗುಟ್ಟೂ ಮುಗಿಯಿತು. ಇನ್ನೊಂದು ಪ್ರಯೋಗ ಹೊಟ್ಟೆಯದು. ಸಂಜೆ ಆರರ ಚಪಲ ಅರ್ಧ ಹಸಿವೇ ಅಂತ ಮೀಟಿಂಗಲ್ಲಿ ಯಾರೋ ಅಂದಿದ್ದರು. ಐದೂವರೆಗೇ ಎರಡು ಅಕ್ಕಿರೊಟ್ಟಿ ತಿಂದು ನೋಡಿದೆ. ನನಗಂತೂ ಹತ್ತರಲ್ಲಿ ಏಳು ದಿನ ಕೆಲಸ ಮಾಡಿತು. ತೂಕ ಆರು ಕೆ.ಜಿ. ಏರಿತು, ಅದು ಬೇರೆ ಮಾತು.

ಒಂದು ಜುಲೈ ಶನಿವಾರ ಮಳೆಗೆ ಬಂದವರು ಇಬ್ಬರೇ, ನಾನು ಮತ್ತು ಆ ಹಿರಿಯರು. ಎದ್ದು ಹೊರಟೆ. ಅವರು ಕೂರಿಸಿದರು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ಪೇಟೆಯವನು, ಒಬ್ಬ ಡಾಕ್ಟರು ಎದುರುಬದುರು ಕೂತಲ್ಲಿಂದ ಇದು ಶುರುವಾದದ್ದಂತೆ. "ಅವರೂ ಇಬ್ಬರೇ ಕಣಪ್ಪ" ಅಂದರು. ಅವತ್ತು ನಾನು ಮುಕ್ಕಾಲು ಗಂಟೆ ಮಾತಾಡಿದೆ. ಅಡ ಇಟ್ಟ ಸರದ ವಿಷಯ ಬಾಯಿಬಿಟ್ಟದ್ದು ಅವತ್ತೇ. ಮರುವರ್ಷ ಅದನ್ನು ಬಿಡಿಸಿಕೊಂಡೆ.

ಈಗ ನಮ್ಮೂರಿನ ಮೀಟಿಂಗಿಗೂ ಹೋಗುತ್ತೇನೆ, ವಾರದ ಮಧ್ಯೆ ಒಂದು ದಿನ. ಆ ಡ್ರೈವರೇ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಅಲ್ಲಿನ ಬೀಗದ ಕೈ ನನ್ನ ಹತ್ತಿರ ಇದೆ. ಜೋರು ಮಳೆ ಇದ್ದರೆ ಹತ್ತು ನಿಮಿಷ ತಡ ಆಗಬಹುದು, ಬಾಗಿಲು ನೋಡಿ ವಾಪಸ್ ಹೋಗಬೇಡಿ.