ಎಷ್ಟರಲ್ಲಿ ಎಷ್ಟು, ಮೇಷ್ಟ್ರೇ?

ನಾನು ಮಂಡ್ಯ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಚುನಾವಣೆ ಬಂತು ಅಂದರೆ ಮತಗಟ್ಟೆ ಡ್ಯೂಟಿಯೂ ಬಂತು ಅಂತಲೇ ಲೆಕ್ಕ. 2018ರ ವಿಧಾನಸಭೆ ಫಲಿತಾಂಶ ಬಂದ ವಾರ ಊರಿನ ಟೀ ಅಂಗಡಿಯಲ್ಲಿ ಜೋರು ಜಗಳ ನಡೆದಿತ್ತು. ಕಾಂಗ್ರೆಸ್ಸಿಗೆ ಶೇ 38ರಷ್ಟು ಮತ, ಬಿಜೆಪಿಗೆ ಶೇ 36ರಷ್ಟು. ಸೀಟು ನೋಡಿದರೆ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78. ನಮ್ಮ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್ ಗೆದ್ದಿತ್ತು. ಹಾಗಾಗಿ ಜಗಳ ಆಡುತ್ತಿದ್ದವರಿಗೆ ಸ್ವಂತ ನೋವೇನೂ ಇರಲಿಲ್ಲ, ಸುಮ್ನೆ ಕುತೂಹಲ. "ಮಿಷನ್ನಲ್ಲೇ ಏನೋ ಆಗದೆ" ಅಂದರು ಒಬ್ಬರು. "ಪೇಪರ್‌ನೋರು ತಿರುವಿ ಹಾಕವ್ರೆ" ಅಂದರು ಇನ್ನೊಬ್ಬರು. ನಾನು ಕಾಲು ಗಂಟೆ ವಿವರಿಸಿದೆ. ಯಾರಿಗೂ ತಲೆಗೆ ಹೋಗಲಿಲ್ಲ. ಟೀ ಮಾತ್ರ ಆರಿಹೋಯಿತು.

ಅದೇ ಹಠಕ್ಕೆ, ಭಾನುವಾರ ಸಂಜೆ ಪಂಚಾಯಿತಿ ಲೈಬ್ರರಿಯಲ್ಲಿ ಒಂದು ಗಂಟೆ ಕೂರೋಣ ಬನ್ನಿ ಅಂತ ಹೇಳಿಕಳಿಸಿದೆ. ಮೊದಲ ವಾರ ಹನ್ನೆರಡು ಜನ ಬಂದರು. ಬೋರ್ಡಿನ ಮೇಲೆ ಶೇಕಡಾವಾರು ಸೂತ್ರ ಬರೆದೆ. ಎರಡನೇ ವಾರ ಐದು ಜನ. ಮೂರನೇ ವಾರ ಲೈಬ್ರರಿಯವರು, ನಾನು, ಮೇಲೊಂದು ಫ್ಯಾನು.

ದಾರಿ ತೋರಿಸಿದ್ದು ಡೇರಿ. ಒಂದು ಸಂಜೆ ಹಾಲು ಹಾಕಲು ಹೋಗಿದ್ದೆ. ಸ್ತ್ರೀಶಕ್ತಿ ಸಂಘದ ಒಬ್ಬರು ಅಕ್ಕ ಕೈಯಲ್ಲಿ ಚೀಟಿ ಹಿಡಿದು ಕಾರ್ಯದರ್ಶಿಯ ಜೊತೆ ಜಗಳಕ್ಕೆ ನಿಂತಿದ್ದರು. "ನಿನ್ನೆ ಫ್ಯಾಟು 4.1 ಇತ್ತು, ಇವತ್ತು 3.8 ಹೆಂಗಾಯ್ತು? ಅದೇ ಹಿಂಡಿ, ಅದೇ ಹುಲ್ಲು." ಮೊದಲ ವಾರ ಬಂದು "ಈ ಪರ್ಸೆಂಟು ಗಿರ್ಸೆಂಟು ನಮಗೆ ಹತ್ತಕಿಲ್ಲ ಮೇಷ್ಟ್ರೇ" ಅಂದು ಎದ್ದುಹೋಗಿದ್ದವರು ಇವರೇ! 3.8 ಅಂದರೆ ಪರ್ಸೆಂಟೇ ಅಲ್ವಾ? ಅವರ ಯಜಮಾನರು ಕಬ್ಬಿನ ರಿಕವರಿ, ಅಂದರೆ ನೂರು ಕೆ.ಜಿ. ಕಬ್ಬಿಗೆ ಸಿಗೋ ಸಕ್ಕರೆ, 10.25 ಅಂದರೆ ಏನು ಅಂತ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಕನ್ನಂಬಾಡಿ ಕಟ್ಟೆ 124.80 ಅಡಿಗೆ ತುಂಬಿದರೆ 49.45 ಟಿಎಂಸಿ, ಆದರೆ 100 ಅಡಿ ಇದ್ದಾಗ ಅದರ ಅರ್ಧದಷ್ಟೂ ನೀರಿರಲ್ಲ ಅನ್ನೋದು ನಾಲೆ ನೀರು ನಂಬಿದ ಯಾವ ರೈತನಿಗೆ ಗೊತ್ತಿಲ್ಲ? ಇವರಿಗೆ ಲೆಕ್ಕ ಬರುತ್ತಿತ್ತು. ಓಟಿನ ಲೆಕ್ಕವೂ ಅದೇ ಅಂತ ಹೇಳಿದವರಿರಲಿಲ್ಲ, ಅಷ್ಟೆ.

ಕ್ಲಾಸನ್ನು ಡೇರಿ ಜಗುಲಿಗೆ ತಂದೆ. ಬೋರ್ಡು ಬಿಟ್ಟೆ. ಮೂರು ತಟ್ಟೆ, ಒಂದಿಷ್ಟು ಅವರೆಕಾಳು, ಒಂದಿಷ್ಟು ಕಡಲೆಬೀಜ. ಒಂದೊಂದು ತಟ್ಟೆ ಒಂದೊಂದು ಕ್ಷೇತ್ರ, ತಟ್ಟೆಗೆ ಹತ್ತು ಕಾಳು. ಮೊದಲ ಎರಡು ತಟ್ಟೆಯಲ್ಲಿ ಅವರೆ ಆರು, ಕಡಲೆ ನಾಲ್ಕು. ಮೂರನೆಯದರಲ್ಲಿ ಅವರೆ ಒಂದೇ ಒಂದು, ಕಡಲೆ ಒಂಬತ್ತು. ಎಣಿಸಿ ಅಂದೆ. ಎಲ್ಲ ತಟ್ಟೆ ಸೇರಿ ಅವರೆ 13, ಕಡಲೆ 17. ಆದರೆ ತಟ್ಟೆ ಗೆದ್ದಿದ್ದು? ಅವರೆ ಎರಡು, ಕಡಲೆ ಒಂದು. ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಆ ಅಕ್ಕ ಹೇಳಿದರು: "ಮೂರನೇ ತಟ್ಟೇಲಿ ಕಡಲೆ ಸುಮ್ನೆ ದಂಡ ಆಯ್ತು ಕಣ್ರೋ." ನಾನು ಕಾಲು ಗಂಟೆಯಲ್ಲಿ ಹೇಳಲಾಗದ್ದು ಅವರಿಗೆ ಒಂದೇ ಮಾತಿನಲ್ಲಿ ಬಂತು.

2023ರಲ್ಲಿ ಇದು ಮತ್ತೆ ಉಪಯೋಗಕ್ಕೆ ಬಂತು. ಬಿಜೆಪಿಗೆ ಆಗಲೂ ಶೇ 36ರ ಆಸುಪಾಸೇ ಮತ, ಸೀಟು ಮಾತ್ರ 104ರಿಂದ 66ಕ್ಕೆ ಇಳಿದಿತ್ತು. ಈ ಸಲ ಯಾರೂ ಮಿಷನ್ ಬೈಯಲಿಲ್ಲ. "ಎದುರಿನ ಕಾಳು ಎಲ್ಲೆಲ್ಲಿ ಒಟ್ಟಿಗೆ ಬಿತ್ತೋ" ಅಂತ ಮಾತಾಡಿಕೊಂಡರು. ಮಿಷನ್ ಬಗ್ಗೆ ಅನುಮಾನ ಇದ್ದವರಿಗೆ 17ಸಿ ನಮೂನೆ ಬಗ್ಗೆ ಹೇಳಿದೆ. ಮತದಾನ ಮುಗಿದ ಮೇಲೆ ಮಿಷನ್ನಿನಲ್ಲಿ ಒಟ್ಟು ಎಷ್ಟು ಓಟು ಬಿದ್ದಿದೆ ಅಂತ ಅದರಲ್ಲಿ ಬರೆಯುತ್ತೇವೆ, ಏಜೆಂಟರಿಗೂ ಪ್ರತಿ ಕೊಡುತ್ತೇವೆ. ಎಣಿಕೆ ದಿನ ತಾಳೆ ನೋಡಬಹುದು. "ಕ್ಯಾನು ಲಾರಿಗೆ ಹತ್ತೋವಾಗ ಲೀಟ್ರು ಬರ್ಕೊಳಲ್ವಾ, ಹಂಗೆ" ಅಂತ ಕಾರ್ಯದರ್ಶಿಯೇ ಮುಗಿಸಿದರು.

ಅಂತರದ ಲೆಕ್ಕವೂ ಕಾಳಿನಲ್ಲೇ ಆಯಿತು. 2019ರಲ್ಲಿ ಮಂಡ್ಯ ಲೋಕಸಭೆಯ ಅಂತರ 1,25,876. ಸೋತವರು ಗೆಲ್ಲಬೇಕಿದ್ದರೆ ಎಷ್ಟು ಜನ ಮನಸ್ಸು ಬದಲಿಸಬೇಕಿತ್ತು ಅಂದೆ. ಎಲ್ಲರೂ ಒಂದೂಕಾಲು ಲಕ್ಷ ಅಂದರು. ಒಂದು ಕಾಳನ್ನು ಈ ಗುಡ್ಡೆಯಿಂದ ಆ ಗುಡ್ಡೆಗೆ ಹಾಕಿ ತೋರಿಸಿದೆ. ಇಲ್ಲಿ ಒಂದು ಕಮ್ಮಿ, ಅಲ್ಲಿ ಒಂದು ಜಾಸ್ತಿ, ವ್ಯತ್ಯಾಸ ಎರಡು. ಅಂದರೆ 62,939 ಜನ ಸಾಕಿತ್ತು.

ಒಂದು ಓಟಿನ ಕಥೆ ಹೇಳಿ ಜನರನ್ನು ಮತಗಟ್ಟೆಗೆ ಎಳೆಯೋದು ನನಗೆ ಅಷ್ಟು ಹಿಡಿಸಲ್ಲ. ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ 40,752ಕ್ಕೆ 40,751, ಒಂದೇ ಓಟಿನ ಗೆಲುವು. ನಿಜವೇ. ಆದರೆ ಅಂಥದ್ದು ಎಲ್ಲೋ ಒಮ್ಮೆ. ಅದನ್ನೇ ನಂಬಿಸಿದರೆ ಮುಂದಿನ ಸಲ ಲಕ್ಷದ ಅಂತರ ನೋಡಿ "ನನ್ನ ಓಟು ಯಾವ ಲೆಕ್ಕ" ಅಂತಾರೆ. ನಾನು ಪಂಚಾಯಿತಿ ಕಡೆ ಕೈ ತೋರಿಸುತ್ತೇನೆ. ಲೋಕಸಭಾ ಕ್ಷೇತ್ರದಲ್ಲಿ 17 ಲಕ್ಷಕ್ಕೂ ಜಾಸ್ತಿ ಮತದಾರರು, ಗ್ರಾಮ ಪಂಚಾಯಿತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ನಿಮ್ಮ ಒಂದು ಕಾಳಿಗೆ ಎಲ್ಲಿ ತೂಕ ಜಾಸ್ತಿ?

ತೂಕ ಗೊತ್ತಾಗಿದ್ದು ಒಂದು ಜಮಾಬಂದಿಯಲ್ಲಿ, ಅಂದರೆ ಪಂಚಾಯಿತಿಯವರು ವರ್ಷದ ಕೆಲಸ, ಖರ್ಚಿನ ಲೆಕ್ಕ ಊರವರ ಮುಂದೆ ಓದೋ ಸಭೆಯಲ್ಲಿ. ಯಾವ ಪಂಚಾಯಿತಿ ಅಂತ ಬೇಡ. ವರ್ಷದ ಕಾಮಗಾರಿಯಲ್ಲಿ ಶೇ 90ರಷ್ಟು ಸಾಧನೆ ಅಂತ ಓದಿದರು. ಚಪ್ಪಾಳೆಗೆ ಕೈ ಎತ್ತಿದ್ದರು ಕೆಲವರು. ಹಿಂದಿನ ಸಾಲಿನಿಂದ ನಮ್ಮ ಅಕ್ಕನ ದನಿ: "ಎಷ್ಟರಲ್ಲಿ ಎಷ್ಟು, ಸಾರ್?" ಹತ್ತು ಕೆಲಸದಲ್ಲಿ ಒಂಬತ್ತು ಮುಗಿದಿದೆ ಅಂದರು. "ಕೆಲಸ ಅಲ್ಲ, ದುಡ್ಡಿನಲ್ಲಿ ಹೇಳಿ." ಕಡತ ತಿರುವಿದರು. ಒಟ್ಟು ಎಂಟು ಲಕ್ಷ, ಮುಗಿದ ಒಂಬತ್ತರದ್ದು ಸೇರಿ 3,60,000. ಉಳಿದ 4,40,000 ಒಂದೇ ಚರಂಡಿಯದ್ದು, ಅದಕ್ಕಿನ್ನೂ ಗುದ್ದಲಿಯೇ ಬಿದ್ದಿರಲಿಲ್ಲ. ಶೇ 90 ಹೋಗಿ ಶೇ 45 ಆಯಿತು. ಯಾರೂ ಸುಳ್ಳು ಹೇಳಿರಲಿಲ್ಲ ನೋಡಿ, ಎರಡೂ ಸರಿ ಲೆಕ್ಕವೇ. ಯಾವುದರಲ್ಲಿ ಅಳೆದರು ಅನ್ನೋದನ್ನ ಕೇಳೋರು ಬೇಕಿತ್ತು.

ಆ ದಿನ ನಾನು ಬಾಗಿಲ ಪಕ್ಕ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಚರಂಡಿ ಇನ್ನೂ ಮುಗಿದಿಲ್ಲ. ಹೋದ ತಿಂಗಳು ಬೀದಿ ಬದಿಗೆ ಕಲ್ಲು ತಂದು ಸುರಿದಿದ್ದಾರೆ. ಎಷ್ಟು ಲೋಡು ಬಂತು ಅಂತ ಆ ಅಕ್ಕ ಹಾಲಿನ ಚೀಟಿ ಹಿಂದೆ ಬರೆದಿಟ್ಟುಕೊಂಡಿದ್ದಾರೆ. ಇವತ್ತಿಗೆ ಮೂರು.