ಬಿಡಲೊಲ್ಲದ ಸ್ವಿಚ್

ಹೀಟ್ ಸ್ವಿಚ್ ಅಂದರೆ ಶಾಖಕ್ಕೆ ಇಟ್ಟ ಬಾಗಿಲು. ನಮ್ಮ ಪುಟ್ಟ ಮ್ಯಾಗ್ನೆಟಿಕ್ ಫ್ರಿಜ್‌ನಲ್ಲಿ ಇರುವುದು ಕ್ರೋಮ್ ಆಲಮ್ ಗುಳಿಗೆ, ಮನೆಯಲ್ಲಿರುವ ಪಟಿಕದ ದಾಯಾದಿ. ಮ್ಯಾಗ್ನೆಟ್ಟಿನ ಫೀಲ್ಡ್ (ಕಾಂತಕ್ಷೇತ್ರ) ಏರಿಸಿದರೆ ಗುಳಿಗೆ ಬಿಸಿಯಾಗುತ್ತದೆ. ಆಗ ಬಾಗಿಲು ತೆರೆದು ಆ ಶಾಖವನ್ನು 4 ಕೆಲ್ವಿನ್ (ಸುಮಾರು −269 °C) ತಣ್ಣಗಿರುವ ಪ್ಲೇಟಿಗೆ ಕಳಿಸಬೇಕು. ಆಮೇಲೆ ಬಾಗಿಲು ಮುಚ್ಚಿ ಫೀಲ್ಡ್ ಇಳಿಸಿದರೆ ಗುಳಿಗೆ ತಣ್ಣಗಾಗುತ್ತಾ ಹೋಗುತ್ತದೆ.

ನಾನು ಕಟ್ಟಿದ್ದು ಗ್ಯಾಸ್ ಗ್ಯಾಪ್ ಸ್ವಿಚ್. ತಾಮ್ರದ ಬಟ್ಟಲೊಳಗೆ ತಾಮ್ರದ ಕಡ್ಡಿ, ಸುತ್ತ 0.3 ಮಿ.ಮೀ. ಸಂದು, ಹೊರಗೆ ತೆಳು ಪ್ಲಾಸ್ಟಿಕ್ ಕೊಳವೆ. ಸಂದಿನಲ್ಲಿ ಹೀಲಿಯಂ-3 (ಹೀಲಿಯಂನ ಅಪರೂಪದ, ಹಗುರ ರೂಪ) ಗ್ಯಾಸ್, ಪಕ್ಕದಲ್ಲಿ ಚಿಟಿಕೆ ಇದ್ದಿಲು. ಇದ್ದಿಲನ್ನು 15 ಕೆಲ್ವಿನ್‌ಗೆ ಕಾಯಿಸಿದರೆ ಗ್ಯಾಸ್ ಹೊರಬಂದು, ಸಂದು ತುಂಬಿ ಶಾಖ ದಾಟಿಸುತ್ತದೆ: ಸ್ವಿಚ್ ಆನ್. ಹೀಟರ್ ಆರಿಸಿದರೆ ಇದ್ದಿಲು ಗ್ಯಾಸನ್ನು ಮತ್ತೆ ಹೀರಿಕೊಂಡು ಆಫ್. ಅಲುಗಾಡುವ ಭಾಗವೇ ಇಲ್ಲ.

ಆನ್ ಮಾಡುವುದು ಸುಲಭ. ಕಷ್ಟವೆಲ್ಲಾ ಆಫ್‌ನಲ್ಲಿ. ನಮ್ಮ ಗುಳಿಗೆ ತಾಳುತ್ತಿದ್ದದ್ದು ಸುಮಾರು 100 ಮಿಲಿಜೌಲ್ ಶಾಖ. 1 ಮೈಕ್ರೋವಾಟ್ ಸೋರಿದರೆ 28 ಗಂಟೆ ಬರುತ್ತದೆ, 10 ಸೋರಿದರೆ ಮೂರು ಗಂಟೆಯೂ ಇಲ್ಲ.

ಮೊದಲ ಸಲ ಫೀಲ್ಡ್ ಇಳಿಸಿದಾಗ ಗುಳಿಗೆ 1 ಕೆಲ್ವಿನ್ ಹತ್ತಿರ ಬಂದು ನಿಂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ಮತ್ತೆ ಏರಲು ಶುರು. ನಾನು ಇದ್ದಿಲನ್ನು ಬೈದೆ. ಗ್ಯಾಸ್ ಪೂರ್ತಿ ತೆಗೆದು ನೋಡಿದೆ, ಅದೇ ಕಥೆ. ಗ್ಯಾಸೇ ಇಲ್ಲದೆ ಶಾಖ ಹೋಗ್ತಿದೆ ಅಂದ್ರೆ ತಾಮ್ರಕ್ಕೆ ತಾಮ್ರ ತಾಗಿರಬೇಕು, ಅಲ್ವಾ?

ಆದರೆ ಬಿಚ್ಚಿ ಮೇಜಿನ ಮೇಲಿಟ್ಟು ಮಲ್ಟಿಮೀಟರ್ ಹಿಡಿದರೆ (ತಾಮ್ರ ತಾಗಿದ್ದರೆ ಅದು ಸದ್ದು ಮಾಡಬೇಕು) ಸದ್ದೇ ಇಲ್ಲ. ಎರಡು ದಿನ ಸುಮ್ನೆ ತಲೆ ಕೆಡಿಸಿಕೊಂಡೆ. ಕೊನೆಗೆ ಎರಡೂ ತುದಿಗೆ ತಂತಿ ಕಟ್ಟಿ, ಲಿಕ್ವಿಡ್ ನೈಟ್ರೋಜನ್ ತುಂಬಿದ ಫ್ಲಾಸ್ಕಿಗೆ ನಿಧಾನಕ್ಕೆ ಇಳಿಬಿಟ್ಟೆ. ಕುದಿತ ಅಡಗುತ್ತಾ ಬಂತು. ಮೀಟರ್ 'ಕುಂಯ್' ಅಂತು.

ತಾಮ್ರ ಇಷ್ಟು ತಣ್ಣಗಾದಾಗ ಒಂದು ಮೀಟರ್ ಉದ್ದಕ್ಕೆ ಸುಮಾರು 3 ಮಿ.ಮೀ. ಕುಗ್ಗುತ್ತದೆ. ಪ್ಲಾಸ್ಟಿಕ್ ಅದಕ್ಕಿಂತ ಜಾಸ್ತಿ. ಕೊಳವೆ ಕುಗ್ಗಿ ಕಡ್ಡಿಯನ್ನು ಬಟ್ಟಲಿನ ತಳಕ್ಕೆ ಒತ್ತಿತ್ತು. ಪಕ್ಕದ ಸಂದನ್ನು ಎಷ್ಟು ನಾಜೂಕಾಗಿ ಅಳೆದಿದ್ದೆ! ತಳದಲ್ಲಿ ಬಿಟ್ಟಿದ್ದು ಬರೀ 0.2 ಮಿ.ಮೀ. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಹೊಳೆಯುವ ಗುರುತು ಬೇರೆ.

ತುದಿಯನ್ನು ಲೇಥ್‌ನಲ್ಲಿ 1 ಮಿ.ಮೀ. ತೆಗೆಸಿ ಮತ್ತೆ ಫ್ಲಾಸ್ಕಿಗೆ ಬಿಟ್ಟೆ. ಮೀಟರ್ ಸುಮ್ಮನಿತ್ತು. ಆ ವಾರ ಗುಳಿಗೆ 0.1 ಕೆಲ್ವಿನ್‌ನಲ್ಲಿ ಒಂಬತ್ತು ಗಂಟೆ ನಿಂತಿತು. ಈಗಿನ ತಕರಾರು ಬೇರೆ: ಹೊರಗೆ ತೆಗೆದಿಟ್ಟಾಗ ಹೀಲಿಯಂ ಆ ಪ್ಲಾಸ್ಟಿಕ್ ಕೊಳವೆಯ ಮೂಲಕವೇ ನುಸುಳಿ ಹೋಗುತ್ತದೆ. ಹೀಲಿಯಂ-3 ದುಬಾರಿ. ಮುಂದಿನದಕ್ಕೆ ತೆಳು ಟೈಟಾನಿಯಂ ಕೊಳವೆ ಹುಡುಕುತ್ತಿದ್ದೇನೆ.